ಮೊದಲು ಬೇರೆ ಮಾಡುವುದು ಕಲಿಯಿರಿ: ಸಾವಿರ ತುಂಡಿನ ಜಿಗ್‌ಸಾ ಪಜಲ್ ಜೋಡಿಸಲು ಸಮಗ್ರ ಮಾರ್ಗದರ್ಶಿ

ನನ್ನ ತವರು ಬೆಟಗೇರಿ. ಅವ್ವ ಕೌದಿ ಹೊಲಿಯಲು ಕೂತಳೆಂದರೆ ಮೊದಲ ಎರಡು ದಿನ ಸೂಜಿಯನ್ನೇ ಮುಟ್ಟುತ್ತಿರಲಿಲ್ಲ. ಹಳೆಯ ಸೀರೆ, ಅಪ್ಪನ ಧೋತರ, ನಮಗೆ ಗಿಡ್ಡಾದ ಲಂಗ, ಪೋಲಕದ ಚಿಂದಿ ಎಲ್ಲವನ್ನೂ ಪಡಸಾಲೆಯ ನಡುವೆ ಸುರುವಿಕೊಂಡು, ಹಸಿರು ಒಂದು ಕಡೆ, ಕೆಂಪು ಒಂದು ಕಡೆ, ಹೂವಿನ ಅರಿವೆ ಒಂದು ಕಡೆ, ಚೌಕಳಿ ಒಂದು ಕಡೆ ಎಂದು ಗುಂಪು ಹಾಕುತ್ತ ಕೂಡುತ್ತಿದ್ದಳು. ನನಗೆ ತಡೆಯುತ್ತಿರಲಿಲ್ಲ. "ಹೊಲಿಯೂದು ಯಾವಾಗ ಚಾಲೂ ಮಾಡ್ತೀಬೇ?" ಎಂದರೆ, "ಕೂಡಸೂದು ಆಮ್ಯಾಗ ತಂಗಿ, ಮೊದ್ಲ ಬ್ಯಾರೆ ಮಾಡೂದು ಕಲಿ" ಎನ್ನುತ್ತಿದ್ದಳು.

ಸಾವಿರ ತುಂಡಿನ ಮೊದಲ ಪಜಲ್ ಧಾರವಾಡದ ನಮ್ಮ ಮನೆಗೆ ಬಂದಾಗ ಆ ಮಾತು ನೆನಪಾಗಲಿಲ್ಲ. ಹೂವಿನ ಕಣಿವೆ, ಹಿಂದೆ ಹಿಮದ ಬೆಟ್ಟ, ಮೇಲೆ ನೀಲಿ ಆಕಾಶ. ಡಬ್ಬಿ ಒಡೆದವಳೇ ಕೈಗೆ ಸಿಕ್ಕ ತುಂಡಿಗೆ ಜೋಡಿ ಹುಡುಕಲು ಕೂತೆ. ಒಂದೂವರೆ ತಿಂಗಳು ಊಟದ ಟೇಬಲ್ ಅದಕ್ಕೇ ಹೋಯಿತು. ಮನೆಯವರೆಲ್ಲ ನೆಲದ ಮೇಲೆ ಕೂತು ಉಂಡೆವು. ಕೊನೆಗೆ ಅರ್ಧಕ್ಕೇ ಬಿಚ್ಚಿ ಡಬ್ಬಿಗೆ ತುಂಬಿದೆ. ಮುಂದಿನ ಆಷಾಢದಲ್ಲಿ ಜಿಟಿಜಿಟಿ ಮಳೆ ಹಿಡಿದು ಹೊರಗೆ ಕಾಲಿಡಲಾಗದ ಒಂದು ವಾರ ಅದೇ ಡಬ್ಬಿಯನ್ನು ಮತ್ತೆ ತೆಗೆದೆ. ಈ ಸಲ ಅವ್ವನ ಹಾಗೆ ಎರಡು ಸಂಜೆ ಬರೀ ಬೇರೆ ಮಾಡಿದೆ. ಒಂಬತ್ತನೇ ಸಂಜೆಗೆ ಚಿತ್ರ ಮುಗಿಯಿತು. ಆಮೇಲೆ ಜೋಡಿಸಿದ ಪ್ರತಿಯೊಂದು ಪಜಲ್‌ನಿಂದಲೂ ಒಂದೊಂದು ಕಲಿತಿದ್ದೇನೆ. ಮೊದಲ ಡಬ್ಬಿ ಒಡೆಯುವ ಮುಂಚೆ ನನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುವುದನ್ನೆಲ್ಲ ಇಲ್ಲಿ ಬರೆಯುತ್ತೇನೆ.

ಯಾವ ಚಿತ್ರ, ಎಷ್ಟು ತುಂಡು

ಹೊಸಬರು 300 ಅಥವಾ 500 ತುಂಡಿನಿಂದ ಶುರು ಮಾಡಿ. 500ಕ್ಕಿಂತ 1000 ಎರಡು ಪಟ್ಟು ಕಷ್ಟ ಎಂದು ಎಣಿಸಬೇಡಿ. ಪ್ರತಿ ತುಂಡಿಗೂ ನೋಡಬೇಕಾದ ತುಂಡುಗಳೇ ಎರಡು ಪಟ್ಟಾಗುವುದರಿಂದ ಅದು ಅದಕ್ಕಿಂತ ಬಹಳ ಹೆಚ್ಚು ಸಮಯ ತಿನ್ನುತ್ತದೆ. ಮೂರ್ನಾಲ್ಕು ವರ್ಷದ ಮಕ್ಕಳಿಗೆ 12ರಿಂದ 24 ದೊಡ್ಡ ತುಂಡು ಸಾಕು. ಎಂಟು ದಾಟಿದ ಮಕ್ಕಳು 200, 300 ಮಾಡುತ್ತಾರೆ. ಮೂರು ತುಂಬದ ಕೂಸು ಇರುವ ಮನೆಯಲ್ಲಿ ಸಣ್ಣ ತುಂಡಿನ ಪಜಲ್ ನೆಲದ ಮೇಲೆ ಬೇಡವೇ ಬೇಡ, ಬಾಯಿಗೆ ಹೋಗುತ್ತದೆ.

ಸಂಖ್ಯೆಗಿಂತ ಚಿತ್ರದ ಆಯ್ಕೆ ಮುಖ್ಯ. ಅಂಗಡಿಯಲ್ಲಿ ನಾನು ಮಾಡುವುದು ಅಂಗೈ ಪರೀಕ್ಷೆ. ಡಬ್ಬಿಯ ಮೇಲಿನ ಚಿತ್ರದ ಮೇಲೆ ಅಂಗೈ ಇಟ್ಟು, ಒಂದೇ ಬಣ್ಣ, ಒಂದೇ ಮೈ ಇರುವ ಜಾಗ ಎಷ್ಟು ಅಂಗೈ ಆಗುತ್ತದೆ ಎಂದು ನೋಡುತ್ತೇನೆ. ಒಂದು ಅಂಗೈ ಆಕಾಶ ಇದ್ದರೆ ತೊಂದರೆಯಿಲ್ಲ. ಎರಡಾದರೆ ತಾಳ್ಮೆ ಬೇಕು. ಮೂರಾದರೆ ಮೊದಲ ಪಜಲ್ ಆಗಿ ಅದನ್ನು ಕೊಳ್ಳಬೇಡಿ, ಚಿತ್ರ ಎಷ್ಟೇ ಚೆಂದವಿರಲಿ. ಸಂತೆ, ಹೂವಿನ ಅಂಗಡಿ, ಪಕ್ಷಿಗಳ ಗುಂಪು, ಕಪಾಟಿನ ತುಂಬ ಡಬ್ಬಿಗಳು, ಇಂಥ ಚಿತ್ರಗಳಲ್ಲಿ ಪ್ರತಿ ತುಂಡಿನ ಮೇಲೂ ಏನಾದರೊಂದು ಗುರುತು ಇರುತ್ತದೆ. ಕೈ ಕೂಡಿಸಲು ಅವು ಒಳ್ಳೆಯವು.

ರಟ್ಟಿನ ಗುಣವನ್ನೂ ನೋಡಿ. ಒಳ್ಳೆಯ ಪಜಲ್‌ನ ತುಂಡು ಸುಮಾರು ಎರಡು ಮಿಲಿಮೀಟರ್ ದಪ್ಪ ಇರುತ್ತದೆ. ನಾಲ್ಕೈದು ತುಂಡು ಕೂಡಿಸಿ ಒಂದು ತುದಿ ಹಿಡಿದು ಎತ್ತಿದರೆ ಬಿಚ್ಚಿಕೊಳ್ಳಬಾರದು. ತೆಳು ರಟ್ಟಿನದರಲ್ಲಿ ಮೇಲಿನ ಚಿತ್ರದ ಕಾಗದವೇ ಸಿಪ್ಪೆಯ ಹಾಗೆ ಏಳುತ್ತದೆ. ಅಂಥ ತುಂಡು ಕಂಡ ಕೂಡಲೇ ಕಡ್ಡಿಯ ತುದಿಯಲ್ಲಿ ಚೂರು ಫೆವಿಕಾಲ್ ಹಚ್ಚಿ, ಮೇಲೊಂದು ಪುಸ್ತಕ ಹೇರಿಡಿ.

ಜಾಗ, ಹಲಗೆ, ಬೆಳಕು

ಸಾವಿರ ತುಂಡಿನ ಪಜಲ್ ಮುಗಿದಾಗ ಸಾಮಾನ್ಯವಾಗಿ 70 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ ಇರುತ್ತದೆ. ತುಂಡುಗಳನ್ನು ಹರವಿಡಲು ಇನ್ನೂ ಒಂದೂವರೆ ಪಟ್ಟು ಜಾಗ ಬೇಕು. ಊಟದ ಟೇಬಲ್ ನಂಬಬೇಡಿ. ಪ್ಲೈವುಡ್ ಅಂಗಡಿಯಲ್ಲಿ ಆರು ಮಿಲಿಮೀಟರಿನ ಹಲಗೆಯನ್ನು ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲಕ್ಕೆ ಕೊಯ್ಯಿಸಿಕೊಳ್ಳಿ. ಅಂಚನ್ನು ಮರಳುಕಾಗದದಿಂದ ಉಜ್ಜಿ, ಮೇಲೆ ಬೂದು ಬಣ್ಣದ ಫೆಲ್ಟ್ ಬಟ್ಟೆ ಅಂಟಿಸಿ. ತುಂಡು ಜಾರುವುದಿಲ್ಲ, ರಾತ್ರಿ ಹಲಗೆ ಸಮೇತ ಎತ್ತಿ ಮಂಚದ ಕೆಳಗೆ ಸರಿಸಬಹುದು. ಬೂದು ಏಕೆಂದರೆ ಬಿಳಿ ಕಣ್ಣಿಗೆ ಚುಚ್ಚುತ್ತದೆ, ಹೂಬಳ್ಳಿಯ ಟೇಬಲ್ ಬಟ್ಟೆಯ ಮೇಲಂತೂ ತುಂಡು ಕಾಣುವುದೇ ಇಲ್ಲ. ನಮ್ಮ ಕಡೆಯ ಹಳೆಯ ಮನೆಗಳ ಶಹಾಬಾದ್ ಕಲ್ಲಿನ ನೆಲ ಈ ಕೆಲಸಕ್ಕೆ ಬಹಳ ಒಳ್ಳೆಯದು, ಬಣ್ಣವೂ ಹಿತ, ತಂಪೂ ಹಿತ. ಆದರೆ ಎರಡು ಕಲ್ಲಿನ ನಡುವಿನ ಸಂದಿಯನ್ನು ದಿನಾ ಸಂಜೆ ನೋಡಿಕೊಳ್ಳಬೇಕು.

ಬೆಳಕಿನ ಮಾತು ಹೆಚ್ಚಿನವರು ಮರೆಯುತ್ತಾರೆ. ಹಳದಿ ಬಲ್ಬಿನ ಕೆಳಗೆ ಕಡು ನೀಲಿ ಮತ್ತು ಕಪ್ಪು ಒಂದೇ ಆಗುತ್ತವೆ, ತಿಳಿ ಹಳದಿ ಮತ್ತು ಬಿಳಿ ಒಂದೇ ಆಗುತ್ತವೆ. ಹಗಲಿನಲ್ಲಿ ಕಿಟಕಿಯ ಹತ್ತಿರ ಬಣ್ಣ ಬೇರೆ ಮಾಡಿ. ರಾತ್ರಿಯಾದರೆ ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದು ಬರೆದಿರುವ ಎಲ್‌ಇಡಿ ಬಲ್ಬ್ ಹಾಕಿ, ಅದೇ ಹಗಲಿನ ಬೆಳಕಿಗೆ ಹತ್ತಿರದ್ದು. ದೀಪ ನೆತ್ತಿಯ ಮೇಲಿದ್ದರೆ ನಿಮ್ಮ ತಲೆಯ ನೆರಳೇ ತುಂಡಿನ ಮೇಲೆ ಬೀಳುತ್ತದೆ. ಎಡಗಡೆಯಿಂದ ಬರಲಿ.

ಬೇರೆ ಮಾಡುವುದು

ಡಬ್ಬಿಯನ್ನು ನೇರವಾಗಿ ಹಲಗೆಗೆ ಸುರಿಯಬೇಡಿ. ಕಾಳು ಹಸನು ಮಾಡುವ ದೊಡ್ಡ ಕಣ್ಣಿನ ಸಾಣಿಗೆಯಲ್ಲಿ ಇನ್ನೂರಿನ್ನೂರು ತುಂಡು ಹಾಕಿ ಮೆಲ್ಲಗೆ ಅಲ್ಲಾಡಿಸಿ. ಕತ್ತರಿಸುವಾಗ ಉಳಿದ ರಟ್ಟಿನ ಪುಡಿಯೆಲ್ಲ ಕೆಳಗಿನ ಪೇಪರಿಗೆ ಉದುರುತ್ತದೆ. ಈ ಪುಡಿಯೇ ಮುಂದೆ ತುಂಡುಗಳ ನಡುವೆ ಸಿಕ್ಕು ಸರಿಯಾದ ಜೋಡಿಯನ್ನೂ ತಪ್ಪು ಎನ್ನಿಸುವುದು. ಪೇಪರನ್ನು ಬಿಸಾಡುವ ಮುಂಚೆ ಒಮ್ಮೆ ಕಣ್ಣಾಡಿಸಿ.

ಮೊದಲ ಸುತ್ತಿನಲ್ಲಿ ಎರಡೇ ಕೆಲಸ: ಎಲ್ಲ ತುಂಡನ್ನೂ ಚಿತ್ರ ಮೇಲಾಗುವಂತೆ ತಿರುವುವುದು, ನೆಟ್ಟಗಿನ ಅಂಚು ಇರುವ ತುಂಡುಗಳನ್ನು ಎತ್ತಿಡುವುದು. ಇದಕ್ಕೆ ನನಗೆ ಒಂದು ತಾಸು ಹಿಡಿಯುತ್ತದೆ. ಈ ತಾಸಿನಲ್ಲಿ ಯಾವ ಎರಡು ತುಂಡನ್ನೂ ಕೂಡಿಸಬೇಡಿ. ಆಸೆಯಾಗುತ್ತದೆ, ತಡೆಯಿರಿ. ಪ್ರತಿ ತುಂಡೂ ಒಮ್ಮೆ ನಿಮ್ಮ ಕಣ್ಣ ಮುಂದೆ ಹಾದುಹೋದರೆ, ಮುಂದೆ "ಈ ಕೆಂಪು ಗೆರೆಯ ತುಂಡು ಎಲ್ಲೋ ನೋಡಿದ್ದೆನಲ್ಲ" ಎಂದು ಕೈ ತಾನೇ ಆ ಡಬ್ಬಿಗೆ ಹೋಗುತ್ತದೆ.

ಎರಡನೇ ಸುತ್ತು ಗುಂಪು ಮಾಡುವುದು. ಬಟ್ಟಲು ಬೇಡ, ಅದರಲ್ಲಿ ತುಂಡುಗಳು ಒಂದರ ಮೇಲೊಂದು ಬಿದ್ದು ಮುಚ್ಚಿಹೋಗುತ್ತವೆ. ಚಪ್ಪಟೆ ತಾಟು ಬೇಕು. ನನ್ನ ಹತ್ತಿರ ಇರುವುದು ಒಂದು ಕೇಜಿ ಧಾರವಾಡ ಪೇಡೆಯ ಖಾಲಿ ಡಬ್ಬಿಗಳು, ಮುಚ್ಚಳವೂ ಸೇರಿ ಹದಿನಾಲ್ಕು. ಒಳಗೆ ತುಪ್ಪದ ಜಿಡ್ಡು ಇರುತ್ತದೆ, ಬಿಳಿ ಹಾಳೆ ಹಾಸದೆ ತುಂಡು ಇಡಬೇಡಿ. ಒಂದರ ಮೇಲೊಂದು ಪೇರಿಸಿ ಕಪಾಟಿಗೆ ಹಾಕಲೂ ಅನುಕೂಲ.

ಎಷ್ಟು ಗುಂಪು? ಸಾವಿರ ತುಂಡಿಗೆ ಎಂಟರಿಂದ ಹನ್ನೆರಡು. ಒಂದು ಗುಂಪು ನೂರಿಪ್ಪತ್ತು ದಾಟಿದರೆ ಅದನ್ನು ಒಡೆಯಿರಿ: ತಿಳಿ ಹಸಿರು ಬೇರೆ, ಕಡು ಹಸಿರು ಬೇರೆ. ಹದಿನೈದಕ್ಕಿಂತ ಕಡಿಮೆ ಇದ್ದರೆ ಪಕ್ಕದ ಗುಂಪಿಗೆ ಸೇರಿಸಿ. ಎರಡು ಬಣ್ಣ ಕೂಡುವ ತುಂಡುಗಳಿಗೆ, ಅಂದರೆ ಅರ್ಧ ಆಕಾಶ ಅರ್ಧ ಗುಡ್ಡ ಇರುವಂಥವಕ್ಕೆ, ಬೇರೆಯೇ ಒಂದು ಡಬ್ಬಿ ಇಡಿ. ಇಡೀ ಪಜಲ್‌ನಲ್ಲಿ ಅತಿ ಬೆಲೆಯುಳ್ಳ ಡಬ್ಬಿ ಇದು. ಚಿತ್ರದ ಎಲುಬುಗೂಡು ಇದರಿಂದಲೇ ಏಳುತ್ತದೆ.

ಅಂಚು

ಅಂಚಿನ ಬಗ್ಗೆ ಒಂದು ಲೆಕ್ಕ ಗೊತ್ತಿದ್ದರೆ ಸಾಕು. ಸಾವಿರ ತುಂಡು ಎಂದು ಬರೆದ ಡಬ್ಬಿಯಲ್ಲಿ ಬಹಳ ಸಲ ಉದ್ದಕ್ಕೆ 38, ಅಗಲಕ್ಕೆ 27 ಸಾಲು ಇರುತ್ತವೆ, ಅಂದರೆ ನಿಜಕ್ಕೂ 1026 ತುಂಡು. ಕೆಲವದರಲ್ಲಿ 40 ಮತ್ತು 25, ಸರಿಯಾಗಿ ಸಾವಿರ. ಎರಡರಲ್ಲೂ ಅಂಚಿನ ತುಂಡು 126 ಆಗುತ್ತವೆ, ನಾಲ್ಕು ಮೂಲೆ ಸೇರಿ. ಮೊದಲ ಸುತ್ತಿನಲ್ಲಿ 119 ಸಿಕ್ಕರೆ ಗಾಬರಿ ಬೇಡ, ಏಳು ಎಲ್ಲೋ ಗುಂಪಿನೊಳಗೆ ಅಡಗಿವೆ. ಅಂಚು ತುಂಬಿಯೇ ಒಳಗೆ ಹೋಗಬೇಕು ಎಂಬ ಹಟವೂ ಬೇಡ. ಎದ್ದು ಕಾಣುವ ಭಾಗ ಒಳಗಿದ್ದರೆ ಅದನ್ನೇ ಮೊದಲು ಕೂಡಿಸಿ, ತೆಳು ರಟ್ಟಿನ ಮೇಲೆ ಸರಿಸಿ ಜಾಗಕ್ಕೆ ತನ್ನಿ.

ಗುಂಡಿ ಮತ್ತು ಕಾಜಾ

ತುಂಡಿನ ಉಬ್ಬಿಗೂ ತಗ್ಗಿಗೂ ನಮ್ಮ ಮನೆಯಲ್ಲಿ ದರ್ಜಿಯ ಮಾತು ಬಳಕೆಯಲ್ಲಿದೆ: ಉಬ್ಬು ಗುಂಡಿ, ತಗ್ಗು ಕಾಜಾ. ಸಾಲುಸಾಲಾಗಿ ಕತ್ತರಿಸಿದ ಪಜಲ್‌ನಲ್ಲಿ ಒಳಗಿನ ತುಂಡು ಆರೇ ತರ. ನಾಲ್ಕೂ ಗುಂಡಿ. ಮೂರು ಗುಂಡಿ, ಒಂದು ಕಾಜಾ. ಎರಡು ಗುಂಡಿ ಎದುರುಬದುರು. ಎರಡು ಗುಂಡಿ ಅಕ್ಕಪಕ್ಕ. ಒಂದು ಗುಂಡಿ, ಮೂರು ಕಾಜಾ. ನಾಲ್ಕೂ ಕಾಜಾ. ಎಲ್ಲಕ್ಕಿಂತ ಹೆಚ್ಚು ಇರುವುದು ಎದುರುಬದುರು ಗುಂಡಿಯದು. ಬಣ್ಣ ಕೈಕೊಟ್ಟಲ್ಲಿ ಈ ಆಕಾರವೇ ಕೈ ಹಿಡಿಯುವುದು.

ಎರಡು ತುಂಡು ಕೂಡಿದಂತೆ ಕಂಡರೂ ತಪ್ಪು ಜೋಡಿ ಆಗಿರಬಹುದು, ಅದರಲ್ಲೂ ಒಂದೇ ಬಣ್ಣದ ಭಾಗದಲ್ಲಿ. ನೋಡುವುದು ಹೀಗೆ. ಜೋಡಿಯನ್ನು ಎತ್ತಿ ದೀಪಕ್ಕೆ ಎದುರಾಗಿ ಹಿಡಿಯಿರಿ. ಸರಿ ಜೋಡಿಯ ಸಂದಿಯಲ್ಲಿ ಬೆಳಕು ಕೂದಲೆಳೆಯ ಹಾಗೆ ಒಂದೇ ಸಮ ಕಾಣುತ್ತದೆ ಅಥವಾ ಕಾಣುವುದೇ ಇಲ್ಲ. ತಪ್ಪು ಜೋಡಿಯಲ್ಲಿ ಗುಂಡಿಯ ಕುತ್ತಿಗೆಯ ಹತ್ತಿರ ಒಂದು ಕಡೆ ಬೆಳಕಿನ ಚುಕ್ಕೆ ಒಡೆಯುತ್ತದೆ. ಆಮೇಲೆ ಕಣ್ಣು ಮುಚ್ಚಿ ತೋರುಬೆರಳನ್ನು ಸಂದಿಯ ಮೇಲೆ ಎಳೆಯಿರಿ, ಎಡವಬಾರದು. ಹೊರಳಿಸಿ ಹಿಂಬದಿಯನ್ನೂ ಮುಟ್ಟಿ. ಒಂದು ತಪ್ಪು ಜೋಡಿ ಒಳಗೆ ಉಳಿದರೆ ಅದರ ಸುತ್ತಲಿನ ನಾಲ್ಕೈದು ತುಂಡಿಗೆ ಜಾಗವೇ ಸಿಗುವುದಿಲ್ಲ, ತುಂಡು ಕಳೆದಿದೆ ಎಂದು ಮನೆಯೆಲ್ಲ ಹುಡುಕುತ್ತೀರಿ.

ನಿಸರ್ಗದ ಚಿತ್ರ

ಬಣ್ಣ ಬೇರೆ ಮಾಡುವುದು ಎಲ್ಲ ಚಿತ್ರಕ್ಕೂ ಒಂದೇ ರೀತಿ ಆಗುವುದಿಲ್ಲ. ಗುಡ್ಡ, ಕೆರೆ, ಕಾಡು ಇರುವ ಚಿತ್ರದಲ್ಲಿ ದೂರ ಹತ್ತಿರ ನೋಡಬೇಕು. ಡಂಬಳದ ಕಡೆಯಿಂದ ಕಪ್ಪತಗುಡ್ಡ ನೋಡಿದವರಿಗೆ ಗೊತ್ತು: ಹತ್ತಿರದ ದಿಬ್ಬದ ಗಿಡ ಹಸಿರಾಗಿ, ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತದೆ, ಹಿಂದಿನ ಸಾಲು ಮಂಕು ಹಸಿರು, ಅದರಾಚೆಯದು ನೀಲಿ. ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ದೂರದ್ದೆಲ್ಲ ನೀಲಿಗೆ ತಿರುಗುತ್ತದೆ. ಆದ್ದರಿಂದ ಹಸಿರನ್ನೆಲ್ಲ ಒಂದೇ ಡಬ್ಬಿಗೆ ಹಾಕಬೇಡಿ. ಎಲೆಯ ಅಂಚು ಚೂಪಾಗಿ ಕಾಣುವ ತುಂಡು ಚಿತ್ರದ ಕೆಳಭಾಗದ್ದು, ಮಂಕಾಗಿ ಕಲೆಸಿದಂತಿರುವುದು ನಡುವಿನದು, ನೀಲಿ ಬೆರೆತದ್ದು ಮೇಲಿನದು.

ಆಕಾಶವೂ ಒಂದೇ ನೀಲಿ ಅಲ್ಲ. ದಿಗಂತದ ಹತ್ತಿರ ತಿಳಿ, ಮೇಲೆ ಹೋದಂತೆ ಗಾಢ. ತುಂಡುಗಳನ್ನು ತಿಳಿಯಿಂದ ಗಾಢಕ್ಕೆ ಸಾಲಾಗಿ ಹರವಿ, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಅರ್ಧ ಮುಚ್ಚಿ ನೋಡಿ. ತಪ್ಪಾಗಿ ಕೂತ ತುಂಡು ಹಲ್ಲಿನ ಸಾಲಿನಲ್ಲಿ ಮುರಿದ ಹಲ್ಲಿನ ಹಾಗೆ ಎದ್ದು ಕಾಣುತ್ತದೆ.

ನೀರಿಗೆ ಬೇರೆ ಉಪಾಯ. ನನ್ನ ತಮ್ಮ ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೋಗಿ ತೆಗೆದ ಫೋಟೊವನ್ನು ಪ್ರಿಂಟ್ ಅಂಗಡಿಯಲ್ಲಿ 500 ತುಂಡಿನ ಪಜಲ್ ಮಾಡಿಸಿದ್ದೆವು. ಶಿರಹಟ್ಟಿ ತಾಲೂಕಿನ ಈ ಕೆರೆ 2024ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಾವಿರಾರು ಇಳಿಯುತ್ತವೆ. ಚಿತ್ರದ ತುಂಬ ಬೂದು ಹಕ್ಕಿ, ಬೂದು ನೀರು. ಮೊದಲ ದಿನ ಕಣ್ಣು ಸೋತವು. ಆಮೇಲೆ ತಲೆಗಳನ್ನಷ್ಟೇ ಆರಿಸಿದೆ: ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ನಲವತ್ತು ಚಿಲ್ಲರೆ ತಲೆ ಸಿಕ್ಕವು. ಪ್ರತಿ ತಲೆಯ ಕೆಳಗೆ ಅದರ ಮೈ ಹುಡುಕಿದೆ, ಮೈಯ ಕೆಳಗೆ ನೆರಳು. ನೀರಿನಲ್ಲಿ ಬಿದ್ದ ಪ್ರತಿಬಿಂಬ ಮೂಲಕ್ಕಿಂತ ಒಂದಿಷ್ಟು ಕಪ್ಪಾಗಿ, ಅಡ್ಡಗೆರೆಗಳಲ್ಲಿ ಒಡೆದಂತೆ ಇರುತ್ತದೆ. ಆ ಅಲೆಗೆರೆ ಯಾವಾಗಲೂ ಅಡ್ಡ. ಹಾಗಾಗಿ ನೀರಿನ ತುಂಡು ಕೈಗೆ ಬಂದ ಕೂಡಲೇ ಅದರ ಎಡಬಲ ಯಾವುದು, ಮೇಲುಕೆಳಗು ಯಾವುದು ಎಂದು ಗೊತ್ತಾಗಿಬಿಡುತ್ತದೆ. ನಾಲ್ಕು ರೀತಿ ತಿರುಗಿಸಿ ನೋಡುವ ಕೆಲಸ ಎರಡಕ್ಕೆ ಇಳಿಯುತ್ತದೆ.

ಕಲಾವಿದರ ಚಿತ್ರ

ಇಲ್ಲಿ ಬಣ್ಣಕ್ಕಿಂತ ಕುಂಚದ ನಡೆ ನೋಡಬೇಕು. ವಿನ್ಸೆಂಟ್ ವ್ಯಾನ್ ಗೋ 1889ರಲ್ಲಿ ಬರೆದ ನಕ್ಷತ್ರಗಳ ರಾತ್ರಿಯ ಚಿತ್ರ ಪಜಲ್ ಆಗಿ ಎಲ್ಲೆಡೆ ಸಿಗುತ್ತದೆ. ಮುಕ್ಕಾಲು ಪಾಲು ನೀಲಿ, ಬಣ್ಣ ನೋಡಿ ಬೇರೆ ಮಾಡಲು ಹೋದರೆ ಒಂದೇ ಗುಂಪು ಆಗುತ್ತದೆ. ಆದರೆ ಒಂದೊಂದು ತುಂಡಿನ ಮೇಲೂ ಗಿಡ್ಡ ಗಿಡ್ಡ ಗೆರೆಗಳು ಒಂದು ದಿಕ್ಕಿಗೆ ಹರಿಯುತ್ತವೆ. ಸುಳಿಯ ತುಂಡಿನಲ್ಲಿ ಗೆರೆ ಬಾಗಿರುತ್ತದೆ, ಎಡಗಡೆಯ ಸೈಪ್ರೆಸ್ ಮರದಲ್ಲಿ ಕಪ್ಪು ಹಸಿರು ಗೆರೆ ಜ್ವಾಲೆಯ ಹಾಗೆ ಮೇಲಕ್ಕೇಳುತ್ತದೆ, ಕೆಳಗಿನ ಊರಿನಲ್ಲಿ ಗೆರೆ ನೆಟ್ಟಗೆ. ಹೀಗೆ ಬಾಗು, ಏಳು, ನೆಟ್ಟಗೆ ಎಂದು ಮೂರು ಮಾಡಿಕೊಂಡರೆ ಕೆಲಸ ಸಲೀಸು.

ಗುಸ್ತಾವ್ ಕ್ಲಿಮ್ಟ್ 1907-08ರಲ್ಲಿ ಬರೆದ ಚುಂಬನದ ಚಿತ್ರದಲ್ಲಿ ಎಲ್ಲವೂ ಬಂಗಾರ. ಗಂಡಸಿನ ನಿಲುವಂಗಿಯಲ್ಲಿ ಕಪ್ಪುಬಿಳುಪಿನ ಆಯತಗಳು, ಹೆಂಗಸಿನ ಉಡುಪಿನಲ್ಲಿ ದುಂಡು ಹೂಗಳು. ಆಯತ ಒಂದು ಡಬ್ಬಿ, ದುಂಡು ಒಂದು ಡಬ್ಬಿ. ಉಳಿದ ಕಂದು ಬಂಗಾರದ ಹಿನ್ನೆಲೆಯನ್ನು ಕಡೆಗಿಟ್ಟುಕೊಳ್ಳಿ. ರಾಜಾ ರವಿವರ್ಮರ ಚಿತ್ರಗಳಾದರೆ ನಾನು ಸೀರೆಯ ಜರಿಯಂಚಿನಿಂದ ಶುರು ಮಾಡುತ್ತೇನೆ. ಜರಿ ಒಂದು ಹೊಳೆಯ ಹಾಗೆ ಹೆಗಲಿನಿಂದ ಪಾದದವರೆಗೆ ದಾರಿ ತೋರುತ್ತದೆ, ಅದರ ಎರಡೂ ದಂಡೆಗೆ ನೆರಿಗೆ ಕೂಡಿಸುತ್ತ ಹೋದರಾಯಿತು. ಆಮೇಲೆ ಮುಖ ಮತ್ತು ಕೈ. ಹಿಂದಿನ ಕತ್ತಲೆ ಕಟ್ಟಕಡೆಗೆ. ಇಂಥ ಪಜಲ್ ಮಾಡುವಾಗ ಚಿತ್ರವನ್ನು ನೋಡಿದ ಹಾಗೆ ಗ್ಯಾಲರಿಯಲ್ಲಿ ನಿಂತೂ ನೋಡುವುದಿಲ್ಲ. ಒಂದು ಕಿವಿಯೋಲೆಯ ಮೇಲಿನ ಬಿಳಿ ಚುಕ್ಕೆಯನ್ನು ಹತ್ತು ನಿಮಿಷ ಹುಡುಕಿದವರಿಗೆ ಆ ಚುಕ್ಕೆ ಜೀವಮಾನವಿಡೀ ನೆನಪಿರುತ್ತದೆ.

ನಮೂನೆಯ ಚಿತ್ರ

ರಂಗೋಲಿ, ಮಂಡಲ, ಜಮಖಾನೆ, ಕಸೂತಿ. ಬಣ್ಣ ತುಂಬಿರುವುದರಿಂದ ಸುಲಭ ಎನ್ನಿಸುತ್ತದೆ, ಆದರೆ ನನ್ನ ಮಟ್ಟಿಗೆ ಇವೇ ಅತಿ ಕಠಿಣ. ಒಂದೇ ಹೂವು ನಾಲ್ಕು ಕಡೆ, ಎಂಟು ಕಡೆ ಮರುಕಳಿಸುತ್ತದೆ.

ದುಂಡು ಮಂಡಲವನ್ನು ನಡುವಿನಿಂದ ಹೊರಗೆ, ಬಳೆ ಬಳೆಯಾಗಿ ಮಾಡಿ. ತುಂಡಿನ ಮೇಲಿನ ಗೆರೆ ಎಷ್ಟು ಬಾಗಿದೆ ನೋಡಿ: ಬಹಳ ಬಾಗಿದ್ದರೆ ನಡುವಿನ ಬಳೆ, ಹೆಚ್ಚುಕಡಿಮೆ ನೆಟ್ಟಗಿದ್ದರೆ ಹೊರಗಿನ ಬಳೆ. ನವಲಗುಂದದ ಜಮಖಾನೆಯಂಥ ನಮೂನೆಯಲ್ಲಿ ನವಿಲು, ಪಗಡೆಯ ಚೌಕ ಮೊದಲು ಕೂಡಲಿ, ಅಂಚಿನ ಪಟ್ಟಿಯನ್ನು ಬಣ್ಣದ ಸರದಿ ಎಣಿಸಿ ಹಾಕಿ. ಕೆಂಪು, ಹಳದಿ, ಕಪ್ಪು, ಮತ್ತೆ ಕೆಂಪು ಎಂದು ಬಾಯಲ್ಲಿ ಹೇಳುತ್ತ ಕೂಡಿಸಿದರೆ ತಪ್ಪುವುದಿಲ್ಲ.

ಕಸೂತಿಯದು ನನಗೆ ಹತ್ತಿರದ ಮಾತು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆ ತುಂಬಿದ ಒಂದು ಫೋಟೊ ಪಜಲ್ ನಮ್ಮಲ್ಲಿದೆ. ಕಸೂತಿಯನ್ನು ಅರಿವೆಯ ಎಳೆ ಎಣಿಸಿ ಹಾಕುತ್ತಾರೆ, ಕೆಳಗೆ ಗೀಟು ಹಾಕಿಕೊಳ್ಳುವುದಿಲ್ಲ. ಅದಕ್ಕೇ ಗವಂತಿ ಎಂಬ ಹೊಲಿಗೆಯ ಗೆರೆ ನೆಟ್ಟಗೆ, ಅಡ್ಡ ಅಥವಾ ಓರೆ ಹೋಗುತ್ತದೆಯೇ ಹೊರತು ದುಂಡಗೆ ಬಾಗುವುದಿಲ್ಲ. ಮುರಗಿ ಹೊಲಿಗೆ ಮೆಟ್ಟಿಲಿನ ಹಾಗೆ ಏರುತ್ತದೆ. ಮೆಂತೆ ಹೊಲಿಗೆಯಲ್ಲಿ ಸಣ್ಣ ಸಣ್ಣ ಗುಣಾಕಾರ ಚಿಹ್ನೆ ಕಾಣುತ್ತದೆ. ನೇಯ್ಗೆ ನೆಯ್ದ ಪಟ್ಟಿಯಂತೆ. ತುಂಡುಗಳನ್ನು ಬಣ್ಣ ಬಿಟ್ಟು ಹೊಲಿಗೆಯ ಮೇಲೆ ಬೇರೆ ಮಾಡಿದಾಗ ನಾಲ್ಕು ಗುಂಪು ತಾವೇ ಬಿದ್ದವು. ಬರೀ ಕಪ್ಪು ಇದ್ದ ತುಂಡುಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಅರಿವೆಯ ಎಳೆ ಯಾವ ಕಡೆ ಹೋಗುತ್ತದೆ ಎಂಬುದೂ ಕಾಣುತ್ತದೆ, ಅದರಿಂದ ತುಂಡಿನ ದಿಕ್ಕು ಸಿಕ್ಕಿತು. ಆ ಪಜಲ್ ನೋಡಲು ಬಂದಿದ್ದ ಅವ್ವ ಆನೆಯ ಸೊಂಡಿಲನ್ನು ತಾನೇ ಕೂಡಿಸಿದಳು.

ಕಡೆಯ ನೂರು ತುಂಡು

ಕೊನೆಗೆ ಉಳಿಯುವುದು ಒಂದೇ ಬಣ್ಣದ ಬಯಲು. ಇಲ್ಲಿ ಊಹೆ ಬಿಟ್ಟು ಲೆಕ್ಕಕ್ಕೆ ಬನ್ನಿ. ಉಳಿದ ತುಂಡುಗಳನ್ನು ಮೇಲೆ ಹೇಳಿದ ಆರು ತರವಾಗಿ ಸಾಲು ನಿಲ್ಲಿಸಿ. ಎರಡು ಬದಿ ತುಂಬಿರುವ ಒಂದು ಮೂಲೆಯ ಖಾಲಿ ಜಾಗ ಆರಿಸಿ. ಎಡಗಡೆಯ ತುಂಡು ಗುಂಡಿ ಚಾಚಿದ್ದರೆ ನಮಗೆ ಅಲ್ಲಿ ಕಾಜಾ ಬೇಕು, ಮೇಲಿನದು ಕಾಜಾ ಆಗಿದ್ದರೆ ಗುಂಡಿ ಬೇಕು. ಆ ಎರಡೂ ಹೊಂದುವ ಸಾಲುಗಳ ತುಂಡನ್ನು ಒಂದೊಂದಾಗಿ ಇಟ್ಟು ನೋಡಿ, ನೋಡಿದ್ದನ್ನು ಸಾಲಿನ ಹಿಂದಕ್ಕೆ ಸರಿಸಿ. ಬಹಳ ಪಜಲ್‌ಗಳಲ್ಲಿ ಎದುರುಬದುರು ಗುಂಡಿಯ ತುಂಡು ಒಂದು ಅಡ್ಡ, ಪಕ್ಕದ್ದು ಉದ್ದ ಎಂದು ಚದುರಂಗದ ಮನೆಯ ಹಾಗೆ ಬರುತ್ತವೆ, ಆ ಸರದಿ ಕಂಡರೆ ಕೆಲಸ ಇನ್ನೂ ಬೇಗ. ತುಂಡು ಕಡಿಮೆಯಾದಷ್ಟೂ ವೇಗ ಹೆಚ್ಚುತ್ತದೆ. ಮೊದಲ ಹತ್ತಕ್ಕೆ ಒಂದು ತಾಸು ಹಿಡಿದರೂ ಕೊನೆಯ ಐವತ್ತು ಅರ್ಧ ತಾಸಿನಲ್ಲಿ ಕೂತುಬಿಡುತ್ತವೆ.

ಒತ್ತಿ ತುರುಕಬೇಡಿ. ಕೂಡದಿದ್ದರೆ ಅದು ಅಲ್ಲಿಯದಲ್ಲ. ಮಳೆಗಾಲದಲ್ಲಿ ಮಾತ್ರ ಒಂದು ವಿನಾಯಿತಿ: ತೇವಕ್ಕೆ ರಟ್ಟು ಉಬ್ಬುತ್ತದೆ. ಅಂಥ ತುಂಡುಗಳನ್ನು ಫ್ಯಾನಿನ ಕೆಳಗೆ ಒಂದು ರಾತ್ರಿ ಹರವಿಡಿ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತವೆ.

ನಮ್ಮ ನಾಡಿನದೇ ಒಂದು ಪಜಲ್

ಜಿಗ್‌ಸಾ ಪಜಲ್ ಶುರುವಾದದ್ದೇ ನಕಾಶೆಯಿಂದ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕಾಶೆ ಕೆತ್ತುವವನು ನಕಾಶೆಯನ್ನು ಮರದ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಗುಂಟ ಗರಗಸ ಆಡಿಸಿ, ಮಕ್ಕಳಿಗೆ ಭೂಗೋಲ ಕಲಿಯಲು ಮಾರಿದ. ನಾವು ಅದನ್ನೇ ನಮ್ಮ ಮಕ್ಕಳಿಗೆ ಮಾಡಿದೆವು. 1997ರಲ್ಲಿ ಹಳೆಯ ಧಾರವಾಡ ಜಿಲ್ಲೆ ಒಡೆದು ಧಾರವಾಡ, ಗದಗ, ಹಾವೇರಿ ಎಂದು ಮೂರಾಯಿತು. ಆಗಿನ 17 ತಾಲೂಕುಗಳ ನಕಾಶೆಯನ್ನು ಎ3 ಹಾಳೆಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿ. ಪುಸ್ತಕ ಬೈಂಡಿಂಗ್ ಮಾಡುವವರ ಹತ್ತಿರ ಎರಡು ಮಿಲಿಮೀಟರಿನ ರಟ್ಟು ಸಿಗುತ್ತದೆ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ, ಬ್ರಷ್‌ನಿಂದ ರಟ್ಟಿಗೆ ತೆಳ್ಳಗೆ ಹಚ್ಚಿ. ಹಾಳೆಯನ್ನು ಒಂದು ತುದಿಯಿಂದ ಇಳಿಸುತ್ತ, ಒಣ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒರೆಸುತ್ತ ಗುಳ್ಳೆ ತೆಗೆಯಿರಿ. ಮೇಲೆ ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪೇಪರ್ ಕಟರ್‌ನಿಂದ ತಾಲೂಕಿನ ಗಡಿಗುಂಟ ಕತ್ತರಿಸಿ, ಒಂದೇ ಸಲಕ್ಕೆ ಒತ್ತದೆ ನಾಲ್ಕೈದು ಸಲ ಹಗುರವಾಗಿ ಎಳೆಯಿರಿ. ಈ ಕೆಲಸ ದೊಡ್ಡವರದ್ದು. ಮೊದಲು ಹಾವೇರಿಯ ಏಳು ತಾಲೂಕು ಕೂಡಿಸಲು ಕೊಡಿ, ಆಮೇಲೆ ಗದಗಿನ ಐದು, ಧಾರವಾಡದ ಐದು. ಕುಂದಗೋಳ ಯಾವ ಜಿಲ್ಲೆಗೆ, ಶಿಗ್ಗಾಂವಿ ಯಾವ ಜಿಲ್ಲೆಗೆ ಎಂದು ನಮ್ಮ ಮಗ ಇನ್ನು ಮರೆಯಲಾರ. ಆಮೇಲೆ ಆದ ಹೊಸ ತಾಲೂಕುಗಳನ್ನು, ಅಣ್ಣಿಗೇರಿ, ಗಜೇಂದ್ರಗಡ, ರಟ್ಟೀಹಳ್ಳಿಯಂಥವನ್ನು, ಅವನೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ.

ಒಂದು ತುಂಡು ಕಳೆದರೆ

ಮೊದಲು ಹುಡುಕುವ ಜಾಗಗಳು: ಕೂತವರ ಸೀರೆಯ ನೆರಿಗೆ, ಚಾಪೆಯ ಅಡಿ, ಕಸಪೊರಕೆಯ ಕಡ್ಡಿಗಳ ನಡುವೆ, ಪೇಡೆ ಡಬ್ಬಿಯಲ್ಲಿ ಹಾಸಿದ ಹಾಳೆಯ ಕೆಳಗೆ. ಪಜಲ್ ನಡೆದಿರುವ ಕೋಣೆಯ ಕಸವನ್ನು ಮುಗಿಯುವವರೆಗೆ ಒಂದು ಚೀಲದಲ್ಲಿ ಕೂಡಿಡಿ. ಎರಡು ಸಲ ನನಗೆ ತುಂಡು ಅಲ್ಲೇ ಸಿಕ್ಕಿದೆ.

ಸಿಗದಿದ್ದರೆ ಮಾಡಿಕೊಳ್ಳಬಹುದು. ಖಾಲಿ ಜಾಗದ ಮೇಲೆ ತೆಳು ಹಾಳೆ ಇಟ್ಟು, ಪೆನ್ಸಿಲ್ಲಿನ ಮೊನೆಯನ್ನು ಮಲಗಿಸಿ ಹಗುರಾಗಿ ಉಜ್ಜಿ, ಸುತ್ತಲಿನ ಅಂಚು ಕಪ್ಪು ಗೆರೆಯಾಗಿ ಮೂಡುತ್ತದೆ. ಆ ಆಕಾರವನ್ನು ಅಷ್ಟೇ ದಪ್ಪದ ರಟ್ಟಿಗೆ ಅಂಟಿಸಿ, ಗೆರೆಯ ಹೊರಬದಿಗೆ ಕೂದಲಷ್ಟು ಬಿಟ್ಟು ಕತ್ತರಿಸಿ. ಮರಳುಕಾಗದದಿಂದ ಸ್ವಲ್ಪಸ್ವಲ್ಪವೇ ಉಜ್ಜುತ್ತ, ಇಟ್ಟು ನೋಡುತ್ತ, ಹದಕ್ಕೆ ತನ್ನಿ. ಮೇಲೆ ಪೋಸ್ಟರ್ ಬಣ್ಣ. ಅಕ್ಕಪಕ್ಕದ ತುಂಡಿನ ಬಣ್ಣಕ್ಕೆ ಹೋಲಿಸುವಾಗ ಬಣ್ಣ ಒಣಗಿದ ಮೇಲೆ ನೋಡಿ, ಹಸಿ ಇದ್ದಾಗ ಬೇರೆಯೇ ಕಾಣುತ್ತದೆ. ಮಾಗಡಿ ಕೆರೆಯ ಪಜಲ್‌ಗೆ ಹೀಗೆ ಒಂದು ತುಂಡು ಮಾಡಲು ನನಗೆ ಇಡೀ ರವಿವಾರ ಹಿಡಿಯಿತು. ಬೂದು ಬಣ್ಣಕ್ಕೆ ಒಂದು ಹನಿ ನೀಲಿ ಬೆರೆತ ಮೇಲೆಯೇ ಅದು ನೀರಾಗಿ ಕಂಡದ್ದು.

ಮುಗಿದ ಮೇಲೆ

ಗೋಡೆಗೆ ಹಾಕುವುದಿದ್ದರೆ ಪಜಲ್‌ನ ಕೆಳಗೆ ತೆಳು ರಟ್ಟು ಸರಿಸಿ, ಮೇಲೊಂದು ರಟ್ಟು ಮುಚ್ಚಿ, ಇಬ್ಬರು ಎರಡು ಕಡೆ ಬಿಗಿಯಾಗಿ ಹಿಡಿದು ಒಮ್ಮೆಲೆ ಮಗುಚಿ. ಹಿಂಬದಿಗೆ ಅಗಲದ ಟೇಪನ್ನು ಸಾಲಾಗಿ ಅಂಟಿಸಿದರೆ ಸಾಕು, ಚಿತ್ರದ ಮೇಲೆ ಅಂಟು ಬಳಿಯಬೇಕಿಲ್ಲ. ಕಟ್ಟು ಹಾಕುವ ಅಂಗಡಿಗೆ ಹಲಗೆ ಸಮೇತ ಒಯ್ಯಿರಿ, ಗಾಜಿನ ಎದುರು ನೇರ ಬಿಸಿಲು ಬೀಳದ ಗೋಡೆ ಆರಿಸಿ.

ನಾನು ಹೆಚ್ಚಿನವನ್ನು ಬಿಚ್ಚುತ್ತೇನೆ. ಒಂದು ಪಜಲ್ ನಮ್ಮ ಓಣಿಯಲ್ಲಿ ನಾಲ್ಕೈದು ಮನೆ ತಿರುಗಿ ಬರುತ್ತದೆ. ಬಿಚ್ಚುವಾಗ ಅಂಚಿನ 126 ತುಂಡನ್ನು ಬೇರೆ ಚೀಲಕ್ಕೆ ಹಾಕಿ, ಉಳಿದದ್ದನ್ನು ಬಿಗಿ ಮುಚ್ಚುವ ಪ್ಲಾಸ್ಟಿಕ್ ಚೀಲಕ್ಕೆ. ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆ ಒಂದನ್ನು ಜೊತೆಗಿಡಿ, ಧಾರವಾಡದ ಮಳೆಗಾಲಕ್ಕೆ ಅದು ಬೇಕೇ ಬೇಕು. ಮುಚ್ಚಳದ ಒಳಬದಿಗೆ ಯಾರು ಯಾವಾಗ ಮುಗಿಸಿದರು, ಏನು ಕಡಿಮೆ ಇದೆ ಎಂದು ಬರೆದಿಡಿ, ಮುಂದಿನವರು ಸುಮ್ಮನೆ ಹುಡುಕಾಡುವುದು ತಪ್ಪುತ್ತದೆ. ಮಾಗಡಿ ಕೆರೆಯ ಡಬ್ಬಿಯೊಳಗೆ ಈಗ ನಾಲ್ಕು ಕೈಬರಹಗಳಿವೆ. ಮೊದಲನೆಯದು ನನ್ನದು: "ಎಲ್ಲ ಸರಿ ಇದೆ. ಬಲಗಡೆ, ಮೇಲಿನಿಂದ ಏಳನೇ ಸಾಲಿನ ನೀರಿನ ತುಂಡು ಒಂದು ಮನೆಯಲ್ಲಿ ಮಾಡಿದ್ದು, ಮೆಲ್ಲಗೆ ಕೂಡಿಸಿ."